ನಜಾಶಿಯ ಆಸ್ಥಾನದಿಂದ ಕೋಡಿಹಳ್ಳಿಯ ಹಜಾರದವರೆಗೆ: ದೂರದ ನಿಕಾಹ್ ಮತ್ತು ಅದರ ಕಾಗದ

ಹಿಜರಿ 1441ರ ಶವ್ವಾಲ್ ತಿಂಗಳು. ಕ್ರಿಸ್ತಶಕದ ಲೆಕ್ಕದಲ್ಲಿ 2020ರ ಮೇ ಕೊನೆಯ ವಾರ. ಮನೆಯೊಳಗೇ ಈದ್ ನಮಾಝ್ ಮುಗಿಸಿ ಮೂರು ದಿನಗಳಾಗಿದ್ದವು. ಮಸೀದಿಯ ಬಾಗಿಲು ಇನ್ನೂ ಸಾರ್ವಜನಿಕರಿಗೆ ತೆರೆದಿರಲಿಲ್ಲ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಲ್ಲಿ ನಾನು ಪಾಠ ಹೇಳುವ ಮದ್ರಸಾದ ಜಗಲಿಗೆ ಹಿರಿಯರೊಬ್ಬರು ಬಂದು, ಮುಖಗವಸನ್ನು ಸರಿಪಡಿಸಿಕೊಳ್ಳುತ್ತ ದೂರದಲ್ಲೇ ನಿಂತರು.

"ಹಜ್ರತ್, ಹುಡುಗ ಅಲ್ಲಿ, ಹುಡುಗಿ ಇಲ್ಲಿ. ವಿಡಿಯೋದಲ್ಲಿ ನಿಕಾಹ್ ಓದಿಸಿದರೆ ಆಗುತ್ತದೆಯೇ?"

ಅವರ ಮಗಳ ಸಂಬಂಧ ಹಿಂದಿನ ವರ್ಷವೇ ನಿಶ್ಚಯವಾಗಿತ್ತು. ವರನು ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದನು. ಮಾರ್ಚ್ 23ರಿಂದ ಅಂತಾರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಹಾರತೊಡಗಿದ್ದರೂ, ಬಂದರೆ ಮರಳಿ ಹೋಗಲು ಕೆಲಸ ಉಳಿದಿರುವುದೋ ಇಲ್ಲವೋ ಎಂಬ ಭಯ ಅವನಿಗಿತ್ತು. ಒಂದೆರಡು ವರ್ಷ ಕಾಯಬಾರದೇ ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿತ್ತು, ಎದೆಯ ತೊಂದರೆಯೂ ಇತ್ತು. "ಈ ರೋಗ ನನ್ನಂಥವರನ್ನೇ ಹುಡುಕುತ್ತದಂತೆ ಹಜ್ರತ್. ತಾಯಿಯಿಲ್ಲದ ಮಗು. ನಾನೇ ವಲಿಯಾಗಿ ನಿಂತು ಕೊಟ್ಟರೆ ನೆಮ್ಮದಿ" ಎಂದರು.

ತಕ್ಷಣಕ್ಕೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಒಂದು ದಿನದ ಸಮಯ ಕೇಳಿದೆ. ಆ ರಾತ್ರಿ ಕಿತಾಬುಗಳನ್ನು ತೆರೆದು ಕುಳಿತಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಸುಮಾರು 1400 ವರ್ಷಗಳ ಹಿಂದೆ ಆಫ್ರಿಕಾದ ನೆಲದಲ್ಲಿ ನಡೆದ ಒಂದು ನಿಕಾಹ್.

ಮಕ್ಕಾದ ಕಿರುಕುಳ ತಾಳಲಾರದೆ ಅಬಿಸೀನಿಯಾಕ್ಕೆ ಹಿಜ್ರತ್ ಹೋದವರಲ್ಲಿ ಅಬೂ ಸುಫ್ಯಾನ್‌ರ ಮಗಳು ಉಮ್ಮು ಹಬೀಬಾ(ರ) ಒಬ್ಬರು. ಅಲ್ಲಿ ಅವರ ಪತಿ ತೀರಿಕೊಂಡರು. ತವರಿಗೆ ಮರಳುವಂತಿರಲಿಲ್ಲ, ತಂದೆ ಆಗ ಮಕ್ಕಾದಲ್ಲಿ ಇಸ್ಲಾಮಿನ ವಿರೋಧಿಗಳ ಮುಂದಾಳು. ಪರದೇಶದಲ್ಲಿ ಒಬ್ಬ ಮಗಳೊಡನೆ ಉಳಿದ ವಿಧವೆ ಅವರು. ಆಗ ಮದೀನಾದಿಂದ ಪ್ರವಾದಿ(ಸ)ರವರು ಅಮ್ರ್ ಬಿನ್ ಉಮಯ್ಯಾ(ರ)ರನ್ನು ದೊರೆ ನಜಾಶಿಯ ಬಳಿಗೆ ಪತ್ರದೊಂದಿಗೆ ಕಳುಹಿಸಿದರು. ಈ ಪ್ರಸ್ತಾಪದ ಸುದ್ದಿಯನ್ನು ಉಮ್ಮು ಹಬೀಬಾರಿಗೆ ತಲುಪಿಸಿದವಳು ಅರಮನೆಯ ದಾಸಿಯೊಬ್ಬಳು. ಸಂತೋಷ ತಡೆಯಲಾರದೆ ಅವರು ತಮ್ಮ ಬೆಳ್ಳಿಯ ಆಭರಣಗಳನ್ನು ಬಿಚ್ಚಿ ಅವಳಿಗೆ ಕೊಟ್ಟರೆಂದು ಇತಿಹಾಸಕಾರ ಇಬ್ನ್ ಸಅದ್ ದಾಖಲಿಸಿದ್ದಾರೆ. ನಿಮ್ಮ ಪರವಾಗಿ ಒಬ್ಬ ವಕೀಲನನ್ನು ನೇಮಿಸಿರಿ ಎಂದು ದೊರೆ ಹೇಳಿ ಕಳುಹಿಸಿದ. ಅವರು ತಮ್ಮದೇ ಉಮಯ್ಯಾ ವಂಶದ ಖಾಲಿದ್ ಬಿನ್ ಸಈದ್(ರ)ರನ್ನು ನೇಮಿಸಿದರು. ಜಅಫರ್ ಬಿನ್ ಅಬೀ ತಾಲಿಬ್(ರ) ಮತ್ತು ಅಲ್ಲಿದ್ದ ಮುಸ್ಲಿಮರೆಲ್ಲ ಆಸ್ಥಾನದಲ್ಲಿ ಸೇರಿದರು. ನಜಾಶಿ ಖುತ್ಬಾ ಓದಿ, ಪ್ರವಾದಿ(ಸ)ರವರ ಪರವಾಗಿ ತಾನೇ ಮಹ್ರ್ ಪಾವತಿಸಿದ. ಅದು 400 ದೀನಾರ್ ಎಂದು ಒಂದು ವರದಿ. ಅಬೂ ದಾವೂದರ ವರದಿಯಲ್ಲಿ 4000 ದಿರ್ಹಮ್. ಜನ ಏಳಲು ಹೊರಟಾಗ, ಮದುವೆಯಲ್ಲಿ ಊಟ ನೀಡುವುದು ಪ್ರವಾದಿಗಳ ಸಂಪ್ರದಾಯವೆಂದು ತಡೆದು ಉಣಬಡಿಸಿದನಂತೆ. ವಧು ಮದೀನಾ ತಲುಪಿದ್ದು ಆ ಬಳಿಕ, ಹಿಜರಿ 7ರಲ್ಲಿ.

ವರನು ಮದೀನಾದಲ್ಲಿ, ವಧು ಹಬಶದಲ್ಲಿ, ನಡುವೆ ಕೆಂಪು ಸಮುದ್ರ. ಆದರೂ ನಿಕಾಹ್‌ನಲ್ಲಿ ಯಾವ ಕೊರತೆಯೂ ಆಗಲಿಲ್ಲ. ಏಕೆಂದರೆ ಒಪ್ಪಿಸುವವರು, ಒಪ್ಪುವವರು, ಸಾಕ್ಷಿಗಳು ಮೂವರೂ ಒಂದೇ ಮಜ್ಲಿಸ್‌ನಲ್ಲಿದ್ದರು.

ನನ್ನ ಮುಂದಿದ್ದ ಪ್ರಶ್ನೆಯ ಗಂಟು ಈ ಮಜ್ಲಿಸ್ ಎಂಬ ಪದದಲ್ಲೇ ಇತ್ತು. ಇಜಾಬ್ ಮತ್ತು ಕಬೂಲ್ ಒಂದೇ ಮಜ್ಲಿಸ್‌ನಲ್ಲಿ ನಡೆಯಬೇಕು, ಇಬ್ಬರು ಸಾಕ್ಷಿಗಳು ಅವೆರಡನ್ನೂ ಕಿವಿಯಾರೆ ಕೇಳಬೇಕು. ಹನಫೀ ಫಿಕ್ಹ್ ಈ ವಿಷಯದಲ್ಲಿ ಪತ್ರಕ್ಕೂ ಅವಕಾಶ ಕೊಟ್ಟಿದೆ. ದೂರದಲ್ಲಿರುವವನು ಪ್ರಸ್ತಾಪವನ್ನು ಬರೆದು ಕಳುಹಿಸಿದರೆ, ಆ ಪತ್ರವನ್ನು ಸಾಕ್ಷಿಗಳೆದುರು ಓದಿ, ಅದೇ ಕೂಟದಲ್ಲಿ ಒಪ್ಪಿಗೆ ಹೇಳಬಹುದು. ನಮ್ಮ ಕರಾವಳಿಯ ಬಾಂಧವರು ಅನುಸರಿಸುವ ಶಾಫಿಈ ಮಝ್‌ಹಬ್‌ನಲ್ಲಿ ಪತ್ರ ಸಾಲದು. ಆದರೆ ವಕೀಲನನ್ನು ನೇಮಿಸುವುದಕ್ಕೆ ಎರಡೂ ಕಡೆ ಸಮ್ಮತಿಯಿದೆ. (ಕನ್ನಡದಲ್ಲಿ ವಕೀಲ ಎಂದೊಡನೆ ಕರಿಕೋಟು ಕಣ್ಣಿಗೆ ಬರುತ್ತದೆ. ಪದ ಅದೇ: ಇನ್ನೊಬ್ಬರ ಪರವಾಗಿ ಮಾತನಾಡಲು ಅಧಿಕಾರ ಪಡೆದವನು.)

ಹಾಗಾದರೆ ಪರದೆಯ ಮೇಲಿನ ಮುಖ ಮಜ್ಲಿಸ್‌ನಲ್ಲಿ ಇದ್ದಂತೆಯೇ? ಈ ಪ್ರಶ್ನೆ ಹುಟ್ಟಿದ್ದು ಕೊರೋನಾದಿಂದಲ್ಲ. 1990ರ ಮಾರ್ಚ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ಆರನೇ ಅಧಿವೇಶನವು, ದೂರವಾಣಿ, ಟೆಲೆಕ್ಸ್, ಫ್ಯಾಕ್ಸ್ ಮುಂತಾದವುಗಳ ಮೂಲಕ ನಡೆಯುವ ವ್ಯಾಪಾರದ ಒಪ್ಪಂದಗಳನ್ನು ಮಾನ್ಯ ಮಾಡಿತು. ಆದರೆ ನಿಕಾಹನ್ನು ಈ ನಿಯಮದಿಂದ ಹೊರಗಿಟ್ಟಿತು. ಕಾರಣ, ಅದಕ್ಕೆ ಸಾಕ್ಷಿಗಳ ಷರತ್ತಿದೆ. ದೂರದ ಧ್ವನಿ ಯಾರದು, ಒತ್ತಾಯವಿದೆಯೇ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು ಸಾಕ್ಷಿಗೆ ತಿಳಿಯದು. ಇದಾಗಿ 30 ವರ್ಷಗಳ ಮೇಲೆ ಮಹಾಮಾರಿ ಬಂದಾಗ ಬೇರೆ ದಾರಿ ಹಿಡಿದವರೂ ಇದ್ದಾರೆ. ಸಂಯುಕ್ತ ಅರಬ್ ಸಂಸ್ಥಾನದ ನ್ಯಾಯ ಸಚಿವಾಲಯವು 2020ರ ಏಪ್ರಿಲ್‌ನಲ್ಲೇ ಆನ್‌ಲೈನ್ ಮದುವೆಯ ಸೇವೆ ಆರಂಭಿಸಿತು. ಜೋಡಿಯು ಜಾಲತಾಣದಲ್ಲಿ ಅರ್ಜಿ ಹಾಕಿ, ದಾಖಲೆಗಳಿಗೆ ಮಂಜೂರಾತಿ ಪಡೆದು, ನಿಗದಿತ ದಿನ ವಿಡಿಯೋ ಸಂಪರ್ಕದಲ್ಲಿ ಮಾಝೂನ್ ಎದುರು ಕುಳಿತರೆ ಆಯಿತು. ಅಲ್ಲಿ ಸರ್ಕಾರವೇ ಗುರುತು ಪರಿಶೀಲಿಸುತ್ತದೆ, ಸರ್ಕಾರವೇ ದಾಖಲಿಸುತ್ತದೆ. ನಮ್ಮ ಊರಿನ ಕೈಫೋನಿಗೆ ಆ ಬಲವಿಲ್ಲ.

ಮರುದಿನ ಆ ಹಿರಿಯರಿಗೆ ಹೇಳಿದೆ: ವಿಡಿಯೋ ಇರಲಿ, ಕಣ್ತುಂಬ ನೋಡಿಕೊಳ್ಳಿ. ನಿಕಾಹ್ ಮಾತ್ರ ವಕೀಲನ ಮೂಲಕವೇ ಆಗಲಿ.

ವರನ ಅಣ್ಣ ಚನ್ನಪಟ್ಟಣದಲ್ಲಿದ್ದನು. ಜಿಲ್ಲೆ ಒಂದೇ ಆದುದರಿಂದ ಬರಲು ಅಡ್ಡಿಯಾಗಲಿಲ್ಲ. ವರನು ಅವನಿಗೆ ಫೋನಿನಲ್ಲಿ ಅಧಿಕಾರ ಕೊಟ್ಟು, ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಚಿತ್ರ ಕಳುಹಿಸಿದನು. ಮದುವೆಗೆ 50 ಅತಿಥಿಗಳನ್ನು ಮೀರಬಾರದೆಂದು ಕೇಂದ್ರ ಗೃಹ ಸಚಿವಾಲಯದ ಆದೇಶವಿತ್ತು. ನಮ್ಮಲ್ಲಿ ಸೇರಿದವರು ಹದಿನೆಂಟೇ ಮಂದಿ. ಮನೆಯ ಹಜಾರದಲ್ಲಿ ಜಮಖಾನೆ ಹಾಸಿ ದೂರ ದೂರ ಕುಳಿತೆವು. ಶಾದಿ ಮಹಲ್ ಇಲ್ಲ, ಬಿರಿಯಾನಿಯ ದೇಗುಗಳಿಲ್ಲ, ಬ್ಯಾಂಡಿಲ್ಲ, ವರದಕ್ಷಿಣೆಯ ಗಾಡಿ ನಿಲ್ಲಿಸಲು ಬೀದಿಯೂ ಬೇಕಾಗಲಿಲ್ಲ.

ಅಣ್ಣನನ್ನು ಮಾತ್ರ ನಾನು ಪಕ್ಕಕ್ಕೆ ಕರೆದು ಮೂರು ಸಲ ಅಭ್ಯಾಸ ಮಾಡಿಸಿದೆ. ಗಾಬರಿಯಲ್ಲಿ "ನಾನು ಕಬೂಲ್ ಮಾಡಿದೆ" ಎಂದಷ್ಟೇ ಹೇಳಿ ಸುಮ್ಮನಾದರೆ ಮಾತು ಅವನ ಮೇಲೆಯೇ ತಿರುಗುವ ಅಪಾಯವಿದೆ. "ನನ್ನ ತಮ್ಮ ಇಂಥವನ ಪರವಾಗಿ, ಅವನಿಗೋಸ್ಕರ ಕಬೂಲ್ ಮಾಡಿದೆ" ಎಂದೇ ಹೇಳಬೇಕು. ವಲಿಯ ಮಾತಿನಲ್ಲೂ ತಮ್ಮನ ಹೆಸರು, ಅವನ ತಂದೆಯ ಹೆಸರು ಬರಬೇಕು. ಆ ಅಣ್ಣನ ಪತ್ನಿಯೂ ಒಳಗೆ ಕುಳಿತಿದ್ದರು. ಅಭ್ಯಾಸದ ಸದ್ದು ಕೇಳಿ ಹೆಂಗಸರೆಲ್ಲ ನಕ್ಕರು. ಆ ವರ್ಷ ನಾನು ಕೇಳಿದ ನಗು ಬಹಳ ಕಡಿಮೆ.

ವಧುವಿನ ಸಮ್ಮತಿಯನ್ನು ಇಬ್ಬರು ಸಾಕ್ಷಿಗಳೊಂದಿಗೆ ಹೋಗಿ ಕೇಳಿ ಬಂದೆವು. ತಂದೆ ಮಗಳ ಕೈ ಒಪ್ಪಿಸಿದರು. ಅಣ್ಣ ಕಲಿತದ್ದನ್ನು ತಪ್ಪಿಲ್ಲದೆ ಹೇಳಿದ. ರಿಜಿಸ್ಟರಿನಲ್ಲಿ ಬರೆದೆ, ಸಹಿಗಳಾದವು, ದುಆ ಮಾಡಿದೆವು.

ನಿಕಾಹ್ ಸರಿಯಾಗಿತ್ತು. ತಪ್ಪಾದದ್ದು ನನ್ನ ಬರವಣಿಗೆಯಲ್ಲಿ. ಅದು ಒಂದೂವರೆ ವರ್ಷದ ನಂತರ ತಿಳಿಯಿತು. ಅದನ್ನು ಹೇಳುವ ಮುನ್ನ ಈ ಕಾಗದದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಅದೇ ತಿಂಗಳುಗಳಲ್ಲಿ ಅಮೆರಿಕದಿಂದ ಒಂದು ಸುದ್ದಿ ಬರುತ್ತಿತ್ತು. ಅಲ್ಲಿ ಮದುವೆಗೆ ಮುಂಚೆಯೇ ಸರ್ಕಾರಿ ಕಚೇರಿಗೆ ಖುದ್ದಾಗಿ ಹೋಗಿ ಪರವಾನಗಿ ಪಡೆಯಬೇಕು. ಕಚೇರಿಗಳು ಮುಚ್ಚಿದಾಗ ಮದುವೆಗಳೇ ನಿಂತವು. 2020ರ ಏಪ್ರಿಲ್ 18ರಂದು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಂಡ್ರ್ಯೂ ಕ್ಯುಮೋ ಆದೇಶ ಹೊರಡಿಸಿ, ದೂರದಿಂದಲೇ ಪರವಾನಗಿ ಪಡೆಯಲು, ವಿಡಿಯೋದಲ್ಲೇ ಮದುವೆ ನಡೆಸಲು ಅನುಮತಿಸಿದರು. ಕ್ಯಾಲಿಫೋರ್ನಿಯಾ ಅದೇ ತಿಂಗಳ 30ರಂದು ಹಿಂಬಾಲಿಸಿತು. ಯೂಟಾ ರಾಜ್ಯದ ಯೂಟಾ ಕೌಂಟಿಯಂತೂ ಜಗತ್ತಿನ ಎಲ್ಲಿಂದ ಅರ್ಜಿ ಹಾಕಿದರೂ ಪರವಾನಗಿ ಕೊಟ್ಟಿತು. ಆಂಗ್ಲರ ಕಾನೂನಿನ ಪರಂಪರೆಯಲ್ಲಿ ಈ ಪರವಾನಗಿಯ ಬೇರು ಆಳವಾದುದು. 1753ರ ಇಂಗ್ಲೆಂಡಿನ ಕಾಯಿದೆಯ ಪ್ರಕಾರ ಚರ್ಚಿನಲ್ಲಿ ಮುಂಚಿತ ಘೋಷಣೆಯಾಗಲಿ, ಪರವಾನಗಿಯಾಗಲಿ ಇಲ್ಲದ ಮದುವೆ ಮದುವೆಯೇ ಅಲ್ಲ.

ನಮ್ಮಲ್ಲಿ ಕ್ರಮ ಬೇರೆ. ಮದುವೆ ಮೊದಲು, ಕಾಗದ ಆಮೇಲೆ. ಸಹಾಬಿಗಳ ಕಾಲದಲ್ಲಿ ನಿಕಾಹ್‌ಗೆ ಬರಹವಿರಲಿಲ್ಲ; ವಲೀಮಾ ಮತ್ತು ದಫ್‌ನ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಬರಹ ಯಾವಾಗ ಬಂತು, ಏಕೆ ಬಂತು ಎಂಬುದಕ್ಕೆ ಇಮಾಮ್ ಇಬ್ನ್ ತೈಮಿಯ್ಯಾ ಕೊಡುವ ವಿವರಣೆ ನನಗೆ ಬಹಳ ಮೆಚ್ಚುಗೆ. ಸಹಾಬಿಗಳು ಮಹ್ರನ್ನು ಮುಂದಕ್ಕೆ ಹಾಕುತ್ತಿರಲಿಲ್ಲ, ಕೈಗೇ ಕೊಡುತ್ತಿದ್ದರು. ಆದ್ದರಿಂದ ಬರೆಯುವ ಅಗತ್ಯ ಬೀಳಲಿಲ್ಲ. ಜನರು ಮಹ್ರನ್ನು ಬಾಕಿ ಇಡತೊಡಗಿದಾಗ, ಕಾಲ ಕಳೆದಂತೆ ಅದು ಮರೆಯುವುದನ್ನು ಕಂಡು ಬರೆಯತೊಡಗಿದರು ಎನ್ನುತ್ತಾರೆ ಅವರು. ಬಾಕಿಯ ಮಹ್ರ್ ಎಂದರೆ ಸಾಲ. ಸಾಲವನ್ನು ಬರೆದಿಡಬೇಕೆಂದು, ಇಬ್ಬರನ್ನು ಸಾಕ್ಷಿ ಮಾಡಬೇಕೆಂದು ಆದೇಶಿಸುವ ಅಲ್‌ಬಕರಾ ಅಧ್ಯಾಯದ 282ನೇ ಸೂಕ್ತವು ಇಡೀ ಕುರ್‌ಆನಿನಲ್ಲೇ ಅತಿ ದೀರ್ಘವಾದುದು. ಹೀಗೆ ನೋಡಿದರೆ ನಿಕಾಹ್‌ನಾಮಾ ಹುಟ್ಟಿದ್ದು ಸರ್ಕಾರದ ಅನುಕೂಲಕ್ಕಲ್ಲ, ಹೆಣ್ಣಿಗೆ ಸಲ್ಲಬೇಕಾದ ಬಾಕಿಗಾಗಿ.

ಈಜಿಪ್ಟಿನಲ್ಲಿ ದೊರೆತ ಹಿಜರಿ 3ನೇ ಶತಮಾನದ ಪಪೈರಸ್ ಮದುವೆ ಒಪ್ಪಂದಗಳಲ್ಲಿ ಈಗ ಕೊಟ್ಟ ಮಹ್ರ್ ಎಷ್ಟು, ಬಾಕಿ ಎಷ್ಟು ಎಂಬ ಲೆಕ್ಕವಿದೆ. ನಮ್ಮ ದೇಶಕ್ಕೆ ಬಂದರೆ, ಮೊಘಲರ ಕಾಲದ ಸೂರತ್ ಬಂದರಿನಲ್ಲಿ 17ನೇ ಶತಮಾನದ ನಿಕಾಹ್‌ನಾಮಾಗಳು ಉಳಿದಿವೆ. ಅವುಗಳಲ್ಲಿ ನಾಲ್ಕು ಷರತ್ತುಗಳು ಮತ್ತೆ ಮತ್ತೆ ಕಾಣುತ್ತವೆ: ಗಂಡನು ಎರಡನೆಯ ಮದುವೆಯಾಗಬಾರದು, ದಾಸಿಯನ್ನು ಇಟ್ಟುಕೊಳ್ಳಬಾರದು, ಹೆಂಡತಿಯನ್ನು ಹೊಡೆದು ಹಿಂಸಿಸಬಾರದು, ಖರ್ಚಿಗೆ ಕೊಡದೆ ದೀರ್ಘಕಾಲ ಊರು ಬಿಟ್ಟಿರಬಾರದು. ತಪ್ಪಿದರೆ ಹೆಂಡತಿಗೆ ಬಿಡುಗಡೆಯ ಹಕ್ಕು. ವ್ಯಾಪಾರಕ್ಕಾಗಿ ಹಡಗು ಹತ್ತುವ ಗಂಡಸರ ಊರು ಅದು. ಹೆಣ್ಣಿನ ಕಡೆಯವರಿಗೆ ಕೊನೆಯ ಷರತ್ತಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಇಂದು ಕೊಲ್ಲಿಗೆ ವಿಮಾನ ಹತ್ತುವ ಅಳಿಯಂದಿರಿರುವ ನಮ್ಮ ಮನೆಗಳಲ್ಲಿ ಛಾಪಿಸಿದ ಖಾಲಿ ನಮೂನೆಯ ಷರತ್ತಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಗಿಸುತ್ತೇವೆ. ನಾನೂ ಎಷ್ಟೋ ಸಲ ಎಳೆದಿದ್ದೇನೆ.

ಆಗ ಬರೆಯುವವನು ಖಾಜಿ. ಅವನಿಗೆ ಅಧಿಕಾರವಿತ್ತು, ಸರ್ಕಾರದ ಮುದ್ರೆಯಿತ್ತು. ಬ್ರಿಟಿಷ್ ಆಡಳಿತವು 1864ರ ಕಾಯಿದೆಯಿಂದ ಖಾಜಿಗಳ ನೇಮಕವನ್ನೇ ಕೈಬಿಟ್ಟಿತು. ನಿಕಾಹ್ ಓದಿಸುವವರ ಸ್ಥಾನ ಗೊಂದಲಕ್ಕೆ ಬಿದ್ದು, ಮುಸ್ಲಿಮರು ಒತ್ತಾಯಿಸಿದ ಮೇಲೆ 1880ರಲ್ಲಿ ಖಾಜಿಗಳ ಕಾಯಿದೆ ಬಂತು. ಅದು ಮೊದಲು ಜಾರಿಗೆ ಬಂದದ್ದು ಮದ್ರಾಸ್ ಪ್ರಾಂತದಲ್ಲಿ. ಅಂದರೆ ಇಂದಿನ ಕರ್ನಾಟಕದ ಮಂಗಳೂರು, ಬಳ್ಳಾರಿ ಕಡೆಗಳಿಗೂ ಅನ್ವಯಿಸಿತು. ಆದರೆ ಆ ಕಾಯಿದೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಖಾಜಿಗೆ ಯಾವ ನ್ಯಾಯಾಧಿಕಾರವೂ ಇಲ್ಲ, ನಿಕಾಹ್‌ಗೆ ಅವನ ಹಾಜರಿ ಕಡ್ಡಾಯವೂ ಅಲ್ಲ ಎಂದು ಅದರಲ್ಲೇ ಬರೆದಿತ್ತು. ಬಂಗಾಳದಲ್ಲಿ 1876ರಲ್ಲಿ ಮುಸ್ಲಿಂ ವಿವಾಹ ನೋಂದಣಿಗೆ ಪ್ರತ್ಯೇಕ ಕಾಯಿದೆ ಆಗಿತ್ತು. ಅದು ಇಷ್ಟವಿದ್ದವರಿಗೆ ಮಾತ್ರ. ನಮ್ಮ ಕಡೆ ಅಂಥದ್ದು ಬರಲಿಲ್ಲ. ಹಾಗಾಗಿ ಮಸೀದಿಯ ರಿಜಿಸ್ಟರ್ ಎಂಬುದು ಇಮಾಮರ ಕೈಬರಹ, ಮುತವಲ್ಲಿಯ ಕಪಾಟು, ಗೆದ್ದಲಿನ ದಯೆ ಇವುಗಳ ಮೇಲೆ ನಿಂತಿತು. ಮುಸ್ಲಿಂ ದೇಶಗಳು ಸುಮ್ಮನೆ ಕೂರಲಿಲ್ಲ. ಈಜಿಪ್ಟ್ 1931ರ ಕಾನೂನಿನಲ್ಲಿ, ಒಂದು ಪಕ್ಷ ಮದುವೆಯನ್ನು ಅಲ್ಲಗಳೆದರೆ ಅಧಿಕೃತ ದಾಖಲೆಯಿಲ್ಲದ ದಾವೆಯನ್ನು ನ್ಯಾಯಾಲಯ ಕೇಳದು ಎಂದಿತು. ಪಾಕಿಸ್ತಾನ 1961ರಲ್ಲಿ ನಿಕಾಹ್ ನೋಂದಣಿಯ ವ್ಯವಸ್ಥೆ ತಂದಿತು.

ಕರ್ನಾಟಕದಲ್ಲಿ ಎಲ್ಲ ಧರ್ಮದವರಿಗೂ ಅನ್ವಯಿಸುವ ವಿವಾಹ ನೋಂದಣಿ ಕಾಯಿದೆ 1976ರ ಹೆಸರಿನಲ್ಲೇ ಇದೆ. 2006ರ ಫೆಬ್ರವರಿ 14ರಂದು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ, ಯಾವ ಧರ್ಮದವರಾಗಲಿ ಮದುವೆಯ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ, ಅದಾಗಲೇ ಇಂಥ ಕಾಯಿದೆ ಇರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವನ್ನೂ ಹೆಸರಿಸಿತು. ನೋಂದಣಿಯೊಂದೇ ಮದುವೆಯ ಸಿಂಧುತ್ವಕ್ಕೆ ಪುರಾವೆಯಲ್ಲ, ಆದರೆ ಸಾಕ್ಷ್ಯವಾಗಿ ಅದರ ಬೆಲೆ ದೊಡ್ಡದು ಎಂಬುದೂ ಆ ತೀರ್ಪಿನಲ್ಲಿದೆ. ನಮ್ಮ ಫುಕಹಾಗಳು ಹೇಳುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೂ "ಮಸೀದಿಯ ಕಾಗದ ಇದೆಯಲ್ಲ" ಎಂದು ನಮ್ಮಲ್ಲಿ ಬಹುತೇಕರು ಆ ಕಚೇರಿಯ ಮೆಟ್ಟಿಲು ಹತ್ತುವುದು ಪಾಸ್‌ಪೋರ್ಟ್, ವೀಸಾ ಬೇಕಾದಾಗ ಮಾತ್ರ.

ಆ ಹುಡುಗಿಯ ವಿಷಯದಲ್ಲೂ ಹಾಗೆಯೇ ಆಯಿತು.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಅವಳ ತಂದೆ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಜನಾಝಾಕ್ಕೆ ನಿಂತವರು ಮಗಳ ನಿಕಾಹ್‌ಗೆ ಕುಳಿತವರಿಗಿಂತ ಕಡಿಮೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರೂ ಅದೇ ತಿಂಗಳು ಹೋದರು. ವರನು ಊರಿಗೆ ಬಂದದ್ದು ಆ ವರ್ಷದ ಕೊನೆಯಲ್ಲಿ. ಪತ್ನಿಯನ್ನು ಕರೆದೊಯ್ಯಲು ವೀಸಾಗೆ ಸರ್ಕಾರಿ ವಿವಾಹ ಪತ್ರ ಬೇಕಾಯಿತು. ಸೈಬರ್ ಅಂಗಡಿಯಲ್ಲಿ ಕುಳಿತು ಅರ್ಜಿ ತುಂಬಿದರು, ಕಚೇರಿಗೆ ಹೋದರು. ನಾನು ಬರೆದ ನಿಕಾಹ್‌ನಾಮಾ ಮೇಜಿನ ಮೇಲೆ ಬಂತು.

ಉರ್ದುವಿನಲ್ಲಿತ್ತು, ಅನುವಾದ ಬೇಕೆಂದರು. ಅದು ಸಹಜ. ಮನೆಯಲ್ಲಿ ಕರೆಯುವ ವಾಡಿಕೆಯಂತೆ ನಾನು ವಧುವಿನ ಹೆಸರಿನ ಕೊನೆಗೆ 'ಬೀ' ಎಂದು ಬರೆದಿದ್ದೆ. ಆಧಾರ್‌ನಲ್ಲಿ 'ಬೇಗಂ' ಎಂದಿತ್ತು. ವರನ ಸಹಿಯ ಜಾಗದಲ್ಲಿ ಅಣ್ಣನ ಸಹಿಯಿತ್ತು. ಅವನು ವಕೀಲನೆಂದು ನಾನು ಒಂದೇ ಪದ ಬರೆದಿದ್ದೆ, ಯಾವ ಅಧಿಕಾರ ಪತ್ರ, ಯಾವ ದಿನಾಂಕ ಎಂಬುದಿಲ್ಲ. ಓದಿದ ಗುಮಾಸ್ತರಿಗೆ ಮದುವೆಯಾದದ್ದು ಅಣ್ಣನಿಗೋ ತಮ್ಮನಿಗೋ ಎಂಬ ಅನುಮಾನ ಬಂದರೆ ತಪ್ಪೇನು? ಅಣ್ಣನಿಗೆ ಮೂರು ಸಲ ಅಭ್ಯಾಸ ಮಾಡಿಸಿದ ನಾನು, ಅದನ್ನು ಒಂದು ಸಲ ಸರಿಯಾಗಿ ಬರೆಯಲಿಲ್ಲ. ಹಿಜರಿ ದಿನಾಂಕ ಅಂದವಾಗಿ ಬರೆದು, ಕ್ರಿಸ್ತಶಕದ ದಿನಾಂಕವನ್ನು ಮೂಲೆಯಲ್ಲಿ ತಿದ್ದಿದ್ದೆ ಬೇರೆ.

ಮಗಳು ನನ್ನ ಬಳಿ ಬಂದಳು. ಕೋಪವಿರಲಿಲ್ಲ. "ಹಜ್ರತ್, ಅಬ್ಬಾ ಇದ್ದಿದ್ದರೆ ಬಂದು ಹೇಳುತ್ತಿದ್ದರು" ಎಂದಷ್ಟೇ ಅಂದಳು.

ವರನು ಅಂದು ಕಳುಹಿಸಿದ ಹಾಳೆಯ ಚಿತ್ರ ಅಣ್ಣನ ಫೋನಿನಲ್ಲಿ ಇನ್ನೂ ಇತ್ತು, ದೇವರ ದಯೆ. ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಮಾಡಿಸಿದೆವು. ಬದುಕಿದ್ದ ಸಾಕ್ಷಿ ಬಂದರು, ನಾನೂ ಹೋಗಿ ನಿಂತೆ. ಕೆಲವು ವಾರಗಳು ಓಡಾಡಿದ ಮೇಲೆ ನೋಂದಣಿಯಾಯಿತು. ಆ ಓಡಾಟದಲ್ಲಿ ಯಾರೋ, ವಿಶೇಷ ವಿವಾಹ ಕಾಯಿದೆಯಡಿ ಮಾಡಿಸಿಬಿಡಿ, ಬೇಗ ಆಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ಬೇಗವೂ ಅಲ್ಲ, ಅದಕ್ಕೆ 30 ದಿನಗಳ ನೋಟಿಸ್ ಇದೆ. ಅದಕ್ಕಿಂತ ಮುಖ್ಯವಾಗಿ, 1954ರ ಆ ಕಾಯಿದೆಯಲ್ಲಿ ನೋಂದಾಯಿಸಿದರೆ ದಂಪತಿಯ ಆಸ್ತಿಗೆ ಶರೀಅತ್‌ನ ಉತ್ತರಾಧಿಕಾರದ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಎಷ್ಟೋ ಕುಟುಂಬಗಳು ಇದನ್ನು ತಿಳಿಯದೆಯೇ ಸಹಿ ಹಾಕುತ್ತವೆ. ಅರ್ಜಿಯ ಮೇಲ್ಭಾಗದಲ್ಲಿ ಯಾವ ಕಾಯಿದೆಯ ಹೆಸರಿದೆ ಎಂದು ಮೊದಲು ಓದಿರಿ.

ಆ ಬಳಿಕ ನಮ್ಮ ರಾಜ್ಯದಲ್ಲಿ ಎರಡು ಬೆಳವಣಿಗೆಗಳಾದವು. 2023ರ ಆಗಸ್ಟ್ 30ರ ಆದೇಶದಲ್ಲಿ ರಾಜ್ಯ ಸರ್ಕಾರವು ಮುಸ್ಲಿಂ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ವಕ್ಫ್ ಮಂಡಳಿಗೂ ಅದರ ಜಿಲ್ಲಾ ಅಧಿಕಾರಿಗಳಿಗೂ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್, ವಕ್ಫ್ ಕಾಯಿದೆಯಲ್ಲಿ ಅಂಥ ಅಧಿಕಾರ ಕಾಣುವುದಿಲ್ಲವೆಂದು ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿತು. ಇನ್ನೊಂದು ಕಡೆ, ಹಿಂದೂ ವಿವಾಹ ನೋಂದಣಿಯ ನಿಯಮಗಳನ್ನು ತಿದ್ದಿ, 2024ರ ಫೆಬ್ರವರಿಯಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆ ಮದುವೆಗಳ ಆನ್‌ಲೈನ್ ನೋಂದಣಿ ಆರಂಭವಾಯಿತು. ನಮಗೂ ಅಂಥ ಸೌಲಭ್ಯ ಕೇಳುವ ಹಕ್ಕಿದೆ, ಕೇಳಬೇಕು. ಆದರೆ ಯಾವ ತಂತ್ರಾಂಶ ಬಂದರೂ ಅದರೊಳಗೆ ತುಂಬುವುದು ಇಮಾಮರು ಮೊದಲು ಬರೆದ ಆ ಹಾಳೆಯನ್ನೇ.

ಈಗ ನಮ್ಮ ರಿಜಿಸ್ಟರಿನಲ್ಲಿ ಉರ್ದುವಿನ ಪಕ್ಕ ಕನ್ನಡವೂ ಇದೆ. ಹೆಸರನ್ನು ಆಧಾರ್ ನೋಡಿಯೇ ಬರೆಯುತ್ತೇನೆ. ವಕೀಲನಿದ್ದರೆ ಯಾರ ಪರ, ಯಾವ ಪತ್ರ, ಯಾವ ದಿನ ಎಂಬುದಕ್ಕೆ ಸ್ಕೇಲಿನಲ್ಲಿ ಗೆರೆ ಎಳೆದು ಬೇರೆ ಅಂಕಣ ಮಾಡಿಕೊಂಡಿದ್ದೇನೆ. ಬಾಕಿ ಮಹ್ರ್ ಎಷ್ಟು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇನೆ. ಷರತ್ತಿನ ಜಾಗದಲ್ಲಿ ಗೆರೆ ಎಳೆಯುವ ಮುನ್ನ ಹುಡುಗಿಯ ಕಡೆಯವರನ್ನು ಕೇಳುತ್ತೇನೆ. ಹೆಚ್ಚಿನವರು ನಕ್ಕು ಬೇಡ ಎನ್ನುತ್ತಾರೆ. ಕಳೆದ ವರ್ಷ ಒಬ್ಬ ತಾಯಿ ಮಾತ್ರ, ಮಗಳು ಬಿ.ಎಡ್. ಮುಗಿಸಲು ಬಿಡಬೇಕೆಂದು ಬರೆಯಿಸಿದರು. ವರನೂ ಸಂತೋಷದಿಂದಲೇ ಸಹಿ ಹಾಕಿದ.

ವಿದೇಶಕ್ಕೆ ಹೊರಡುವ ಹಿಂದಿನ ದಿನ ಆ ಹುಡುಗಿ ಮದ್ರಸಾಕ್ಕೆ ಬಂದು 1441ರ ರಿಜಿಸ್ಟರ್ ತೆಗೆಯಲು ಹೇಳಿದಳು. ಕಚೇರಿಗೆ ಮತ್ತೇನಾದರೂ ಬೇಕಾಯಿತೇ ಎಂದು ಕೇಳಿದೆ. ಇಲ್ಲವೆಂದಳು. ಆ ಪುಟ ತೆರೆದು, ವಲಿಯ ಅಂಕಣದಲ್ಲಿದ್ದ ತಂದೆಯ ಸಹಿಯ ಒಂದು ಚಿತ್ರ ತೆಗೆದುಕೊಂಡು, ಸಲಾಂ ಹೇಳಿ ಹೋದಳು.